ಮೊದಲು ಬಂದದ್ದು ಕಾನೂನು

ಸಂಶೋಧನೆಯ ಜೊತೆಗೆ ವಾರಕ್ಕೆ ಎರಡು ತರಗತಿ ತೆಗೆದುಕೊಳ್ಳುತ್ತೇನೆ. ಒಂದು ದಿನ ಅಮೆರಿಕದ ಗುಲಾಮಗಿರಿಯ ಪಾಠ ಮುಗಿಸುವ ಹೊತ್ತಿಗೆ ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಬಿಳಿಯರಿಗೆ ಕರಿಯರನ್ನು ಕಂಡರೆ ಮೊದಲಿಂದಲೂ ಅಷ್ಟೊಂದು ದ್ವೇಷ ಯಾಕೆ?" ಎಂದು ಕೇಳಿದಳು. ನಾನು ತಟ್ಟನೆ, "ತಮ್ಮ ಹಾಗೆ ಇಲ್ಲದವರನ್ನು ಕಂಡರೆ ಮನುಷ್ಯರಿಗೆ ಒಂದು ಅಂಜಿಕೆ ಇರುತ್ತದೆ. ಅಂಜಿಕೆ ಬೆಳೆದು ದ್ವೇಷವಾಗುತ್ತದೆ" ಎಂದುಬಿಟ್ಟೆ. ಗಂಟೆ ಹೊಡೆಯಿತು. ಆಕೆ ತಲೆಯಾಡಿಸಿ ಕುಳಿತಳು.

ಹಾಸ್ಟೆಲ್ಲಿಗೆ ಮರಳಿದ ಮೇಲೂ ಆ ಉತ್ತರ ನನ್ನನ್ನು ಕಾಡುತ್ತಿತ್ತು. ನಾನು ಹೇಳಿದ್ದು ನಿಜವಾದರೆ ಜನಾಂಗೀಯ ದ್ವೇಷ ಮಳೆ ಬಿಸಿಲಿನಂತೆ ಸಹಜವಾದದ್ದು, ಅದಕ್ಕೆ ಯಾರೂ ಹೊಣೆಗಾರರಲ್ಲ. ಆದರೆ ನನ್ನ ಮೇಜಿನ ಮೇಲಿದ್ದ ವರ್ಜೀನಿಯಾದ ಹಳೆಯ ಕಾನೂನುಗಳ ಟಿಪ್ಪಣಿ ಬೇರೆಯದೇ ಉತ್ತರ ಹೇಳುತ್ತಿತ್ತು. ಆಕೆಯ ಪ್ರಶ್ನೆಯಲ್ಲಿದ್ದ "ಮೊದಲಿಂದಲೂ" ಎಂಬ ಪದವನ್ನು ನಾನು ಅಲ್ಲಿಯೇ ತಡೆದು ಕೇಳಬೇಕಿತ್ತು. ಮೊದಲು ಎಂದರೆ ಯಾವಾಗ? ಈ ಬರಹ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ಉತ್ತರ ಅಮೆರಿಕದಲ್ಲಿ ಇಂಗ್ಲಿಷರು ಕಟ್ಟಿಕೊಂಡ, ಬಾಳಿಕೆ ಬಂದ ಮೊದಲ ವಸಾಹತು ವರ್ಜೀನಿಯಾ. 1607ರಲ್ಲಿ ಜೇಮ್ಸ್‌ಟೌನ್ ಸ್ಥಾಪನೆಯಾಯಿತು. ಮೊದಲ ವರ್ಷಗಳಲ್ಲಿ ಹಸಿವು, ರೋಗ, ಸಾವು. ಹತ್ತು ವರ್ಷ ಕಳೆಯುವುದರೊಳಗೆ ಹೊಗೆಸೊಪ್ಪಿನ ಬೆಳೆ ಕೈಹಿಡಿಯಿತು. ಹೊಗೆಸೊಪ್ಪಿಗೆ ಬೇಕಾದದ್ದು ಎರಡು: ಭೂಮಿ ಮತ್ತು ದುಡಿಯುವ ಕೈ. ಭೂಮಿಯನ್ನು ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡರು. ಕೈಗಳನ್ನು ಇಂಗ್ಲೆಂಡಿನಿಂದಲೇ ತರಿಸಿಕೊಂಡರು. ಇಂಗ್ಲೆಂಡಿನ ಬಡ ಹುಡುಗರು, ಹುಡುಗಿಯರು ಹಡಗಿನ ದರ ಕೊಡಲಾಗದೆ, ಅದರ ಬದಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ ದುಡಿಯುವ ಕರಾರು ಬರೆದುಕೊಟ್ಟು ಬರುತ್ತಿದ್ದರು. ಅವಧಿ ಮುಗಿಯುವ ತನಕ ಅವರನ್ನು ಮಾರಬಹುದಿತ್ತು, ಹೊಡೆಯಬಹುದಿತ್ತು. ಓಡಿಹೋದರೆ ಅವಧಿ ಹೆಚ್ಚುತ್ತಿತ್ತು. ನಮ್ಮ ಊರುಗಳ ಜೀತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಕರೆತಂದ ಪ್ರತಿ ತಲೆಗೆ ಒಡೆಯನಿಗೆ 50 ಎಕರೆ ಭೂಮಿ ಸಿಗುತ್ತಿತ್ತು.

1619ರ ಆಗಸ್ಟ್ ಕೊನೆಯಲ್ಲಿ 'ವೈಟ್ ಲಯನ್' ಎಂಬ ಹಡಗು ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ವರ್ಜೀನಿಯಾದ ದಡಕ್ಕೆ ತಂದಿತು. ಅಂಗೋಲಾದ ಲುವಾಂಡಾದಿಂದ ಹೊರಟಿದ್ದ ಪೋರ್ಚುಗೀಸ್ ಗುಲಾಮರ ಹಡಗನ್ನು ದೋಚಿ ಅವರನ್ನು ವಶಪಡಿಸಿಕೊಳ್ಳಲಾಗಿತ್ತು. ದವಸಧಾನ್ಯಕ್ಕೆ ಬದಲಾಗಿ ಅವರನ್ನು ಮಾರಿದರು. ಆಗ ವರ್ಜೀನಿಯಾದಲ್ಲಿ ಗುಲಾಮಗಿರಿಯನ್ನು ವಿವರಿಸುವ ಒಂದು ಕಾನೂನೂ ಇರಲಿಲ್ಲ. ಬಂದವರಲ್ಲಿ ಬಹುಪಾಲು ಜನ ಜೀವನಪೂರ್ತಿ ದುಡಿಸಿಕೊಳ್ಳಲ್ಪಟ್ಟಿರಬೇಕು. ಆದರೆ ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಕೆಲವರಾದರೂ ಅದರಿಂದ ಹೊರಬಂದರು.

ಅಂಥವರಲ್ಲಿ ಒಬ್ಬ ಆಂಟನಿ ಜಾನ್ಸನ್. 1621ರಲ್ಲಿ ಬಂದಾಗ ದಾಖಲೆಯಲ್ಲಿ ಅವನ ಹೆಸರು 'ಆಂಟೋನಿಯೊ, ನೀಗ್ರೊ' ಎಂದಷ್ಟೇ ಇತ್ತು. ದುಡಿದು ಬಿಡುಗಡೆ ಪಡೆದ, ಮೇರಿ ಎಂಬ ಆಫ್ರಿಕನ್ ಹೆಂಗಸನ್ನು ಮದುವೆಯಾದ, ದನಕರು ಕಟ್ಟಿದ. 1651ರಲ್ಲಿ ಐದು ಜನರ ತಲೆಲೆಕ್ಕದ ಮೇಲೆ 250 ಎಕರೆ ಭೂಮಿ ಪಡೆದ. 1653ರಲ್ಲಿ ಬೆಂಕಿ ಬಿದ್ದು ನಷ್ಟವಾದಾಗ ಕೌಂಟಿ ನ್ಯಾಯಾಲಯ ಅವನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಅವನೇನೂ ಸಂತನಲ್ಲ. ಜಾನ್ ಕೇಸರ್ ಎಂಬ ಕಪ್ಪು ಆಳು ತನ್ನ ಅವಧಿ ಮುಗಿದಿದೆ ಎಂದು ಬಿಟ್ಟುಹೋದಾಗ, 1655ರಲ್ಲಿ ನ್ಯಾಯಾಲಯದ ಮೂಲಕ ಅವನನ್ನು ಮರಳಿ ಪಡೆದ. ಇಲ್ಲಿ ಗಮನಿಸಬೇಕಾದದ್ದು ಬೇರೆ. ಕಪ್ಪು ರೈತನೊಬ್ಬ ಬಿಳಿಯ ನೆರೆಹೊರೆಯವರ ನಡುವೆ ಆಸ್ತಿ ಮಾಡಬಹುದಿತ್ತು, ಕೋರ್ಟು ಹತ್ತಬಹುದಿತ್ತು, ಗೆಲ್ಲಲೂಬಹುದಿತ್ತು. ಮೊದಲಿಂದಲೂ ಇದ್ದ ದ್ವೇಷ ಎಂದು ನಾವು ಕಲ್ಪಿಸಿಕೊಳ್ಳುವ ಚಿತ್ರದಲ್ಲಿ ಈ ಮನುಷ್ಯನಿಗೆ ಜಾಗವಿಲ್ಲ.

ಹಾಗಾದರೆ ಬಾಗಿಲು ಮುಚ್ಚಿದ್ದು ಹೇಗೆ? ಒಂದೇ ಸಲ ಮುಚ್ಚಲಿಲ್ಲ.

1640ರಲ್ಲಿ ಮೂವರು ಆಳುಗಳು ಒಡೆಯನಿಂದ ತಪ್ಪಿಸಿಕೊಂಡು ಪಕ್ಕದ ಮೇರಿಲ್ಯಾಂಡಿಗೆ ಓಡಿಹೋಗಿ ಸಿಕ್ಕಿಬಿದ್ದರು. ಒಬ್ಬ ಡಚ್ಚ, ಒಬ್ಬ ಸ್ಕಾಟ್, ಮೂರನೆಯವನು ಜಾನ್ ಪಂಚ್ ಎಂಬ ಆಫ್ರಿಕನ್. ಮೂವರಿಗೂ 30 ಛಡಿ ಏಟು. ಮೊದಲ ಇಬ್ಬರಿಗೆ ನಾಲ್ಕು ವರ್ಷ ಹೆಚ್ಚುವರಿ ದುಡಿಮೆ. ಪಂಚ್‌ಗೆ ಸಾಯುವ ತನಕ ದುಡಿಮೆ. ಒಟ್ಟಿಗೆ ಯೋಚಿಸಿ, ಒಂದೇ ದಾರಿಯಲ್ಲಿ ಓಡಿದವರು ಅವರು. ಒಬ್ಬರನ್ನೊಬ್ಬರು ನಂಬದೆ ಹಾಗೆ ಓಡಲು ಆಗುವುದಿಲ್ಲ. ಅವರನ್ನು ಬೇರೆ ಮಾಡಿದ್ದು ತೀರ್ಪು.

1656ರಲ್ಲಿ ಎಲಿಜಬೆತ್ ಕೀ ಎಂಬ ಹೆಂಗಸಿನ ಮೊಕದ್ದಮೆ ತೀರ್ಮಾನವಾಯಿತು. ತಂದೆ ಇಂಗ್ಲಿಷ್ ಜಮೀನ್ದಾರ, ತಾಯಿ ಆಫ್ರಿಕನ್ ಗುಲಾಮಳು. ತನ್ನ ತಂದೆ ಸ್ವತಂತ್ರ ಪ್ರಜೆ, ತನಗೆ ಕ್ರೈಸ್ತ ದೀಕ್ಷಾಸ್ನಾನ ಆಗಿದೆ, ಆದ್ದರಿಂದ ತಾನು ಗುಲಾಮಳಲ್ಲ ಎಂದು ಆಕೆ ವಾದಿಸಿದಳು. ಇಂಗ್ಲೆಂಡಿನ ಕಾನೂನಿನ ಪ್ರಕಾರ ಮಗುವಿನ ಸ್ಥಾನಮಾನ ತಂದೆಯದ್ದು. ಎಲಿಜಬೆತ್ ಗೆದ್ದಳು. ತನ್ನ ಪರವಾಗಿ ವಾದಿಸಿದ ಇಂಗ್ಲಿಷ್ ತರುಣನನ್ನೇ ಮದುವೆಯಾದಳು.

ಒಬ್ಬಳು ಗೆದ್ದ ದಾರಿ ಇನ್ನೊಬ್ಬಳಿಗೆ ಸಿಗಬಾರದಲ್ಲ. 1662ರಲ್ಲಿ ವರ್ಜೀನಿಯಾದ ಶಾಸನಸಭೆ ಹೊಸ ಕಾನೂನು ಮಾಡಿತು. ಇನ್ನು ಮುಂದೆ ಮಗು ಗುಲಾಮನೋ ಸ್ವತಂತ್ರನೋ ಎಂಬುದು ತಾಯಿಯ ಸ್ಥಿತಿಯನ್ನು ಅವಲಂಬಿಸುತ್ತದೆ ಎಂದಿತು. ಇಂಗ್ಲಿಷರ ಹಳೆಯ ನಿಯಮವನ್ನು ಇದು ತಲೆಕೆಳಗು ಮಾಡಿತು. ಇದರ ಪರಿಣಾಮ ಯೋಚಿಸಿದರೆ ಹೊಟ್ಟೆ ತೊಳಸುತ್ತದೆ. ಗುಲಾಮ ಹೆಂಗಸಿನ ಮೇಲೆ ಒಡೆಯ ಅತ್ಯಾಚಾರ ಮಾಡಿದರೆ ಹುಟ್ಟುವ ಮಗು ಅವನ ವಾರಸುದಾರ ಆಗುತ್ತಿರಲಿಲ್ಲ, ಅವನ ಆಸ್ತಿ ಆಗುತ್ತಿತ್ತು. 1667ರ ಕಾನೂನು ಧರ್ಮದ ದಾರಿಯನ್ನೂ ಮುಚ್ಚಿತು: ದೀಕ್ಷಾಸ್ನಾನ ಪಡೆದರೂ ಗುಲಾಮ ಗುಲಾಮನೇ. 1669ರ ಕಾನೂನಿನಂತೆ, ಶಿಕ್ಷಿಸುವಾಗ ಗುಲಾಮ ಸತ್ತರೆ ಅದು ಕೊಲೆಯಲ್ಲ. ಯಾರಾದರೂ ತಮ್ಮ ಆಸ್ತಿಯನ್ನು ತಾವೇ ಬೇಕೆಂದು ಹಾಳುಮಾಡುತ್ತಾರೆಯೇ ಎಂಬುದು ಶಾಸಕರ ತರ್ಕ.

ಈ ಕಾನೂನುಗಳನ್ನು ಮಾಡಿದವರು ಹೊಗೆಸೊಪ್ಪಿನ ಜಮೀನ್ದಾರರು. ಪ್ರತಿ ಕಾನೂನಿನ ಹಿಂದೆಯೂ ಒಂದು ಲೆಕ್ಕಾಚಾರ ಕಾಣುತ್ತದೆ. ಆದರೂ 1671ರಲ್ಲಿ ಗವರ್ನರ್ ವಿಲಿಯಂ ಬರ್ಕ್ಲಿ ಕೊಟ್ಟ ಅಂದಾಜಿನಂತೆ, ವರ್ಜೀನಿಯಾದ 40,000 ಜನರಲ್ಲಿ ಕಪ್ಪು ಗುಲಾಮರು 2,000, ಕರಾರಿನ ಬಿಳಿಯ ಆಳುಗಳು 6,000. ಅಂದರೆ ಹೊಲದಲ್ಲಿ ಬೆವರು ಹರಿಸುವವರಲ್ಲಿ ಇನ್ನೂ ಬಿಳಿಯರೇ ಹೆಚ್ಚು. ಅವರೂ ಕರಿಯರೂ ಒಂದೇ ಗುಡಿಸಲಿನಲ್ಲಿ ಮಲಗುತ್ತಿದ್ದರು, ಒಟ್ಟಿಗೆ ಕುಡಿಯುತ್ತಿದ್ದರು, ಒಟ್ಟಿಗೆ ಹಂದಿ ಕದಿಯುತ್ತಿದ್ದರು, ಒಟ್ಟಿಗೆ ಓಡಿಹೋಗುತ್ತಿದ್ದರು. ಜಮೀನ್ದಾರರಿಗೆ ಭಯ ಇದ್ದದ್ದು ಈ ಒಟ್ಟುಗೂಡುವಿಕೆಯದ್ದು.

ಆ ಭಯ 1676ರಲ್ಲಿ ನಿಜವಾಯಿತು. ನಥಾನಿಯಲ್ ಬೇಕನ್ ಎಂಬ ಸಿರಿವಂತ ಯುವಕ ಗವರ್ನರನ ವಿರುದ್ಧ ದಂಗೆ ಎದ್ದ. ಅವನನ್ನು ಕ್ರಾಂತಿಕಾರಿ ಎಂದು ಹೊಗಳುವ ಹಾಗಿಲ್ಲ. ಮೂಲನಿವಾಸಿಗಳನ್ನು ಕೊಂದು ಭೂಮಿ ಪಡೆಯಲು ಗವರ್ನರ್ ಬಿಡುತ್ತಿಲ್ಲ ಎಂಬುದು ಅವನ ದೊಡ್ಡ ಸಿಟ್ಟು. ಆದರೆ ತನ್ನ ಜೊತೆ ಸೇರಿದ ಆಳುಗಳಿಗೆ, ಗುಲಾಮರಿಗೆ ಬಿಡುಗಡೆ ಕೊಡುವುದಾಗಿ ಅವನು ಘೋಷಿಸಿದ. ಬಿಳಿಯರು, ಕರಿಯರು ಒಟ್ಟಿಗೆ ಬಂದೂಕು ಹಿಡಿದರು. ಸೆಪ್ಟೆಂಬರ್ 19ರಂದು ರಾಜಧಾನಿ ಜೇಮ್ಸ್‌ಟೌನ್ ಸುಟ್ಟು ಬೂದಿಯಾಯಿತು. ಮುಂದಿನ ತಿಂಗಳು ಬೇಕನ್ ಭೇದಿಯಿಂದ ಸತ್ತ, ದಂಗೆ ಕುಸಿಯಿತು. ಎಲ್ಲರೂ ಶರಣಾಗುತ್ತಿದ್ದಾಗ ಆಯುಧ ಕೆಳಗಿಡಲು ಒಪ್ಪದೆ ಉಳಿದವರು ಸುಮಾರು 80 ಕರಿಯರು ಮತ್ತು 20 ಇಂಗ್ಲಿಷ್ ಆಳುಗಳು. ಹಡಗಿನ ಕಪ್ತಾನನೊಬ್ಬ ಸುಳ್ಳು ಭರವಸೆ ಕೊಟ್ಟು ಅವರನ್ನು ಹಿಡಿದ.

ಆ ನೂರು ಜನರ ನೆನಪು ಮುಂದಿನ ಮೂವತ್ತು ವರ್ಷ ವರ್ಜೀನಿಯಾದ ಒಡೆಯರನ್ನು ಬಿಡಲಿಲ್ಲವೆಂದು ಕಾಣುತ್ತದೆ. 1680ರ ಕಾನೂನು ಕರಿಯರಿಗೆ ಆಯುಧ ನಿಷೇಧಿಸಿತು. ಕ್ರೈಸ್ತನೊಬ್ಬನ ಮೇಲೆ ಕೈ ಎತ್ತಿದ ಕರಿಯನಿಗೆ 30 ಏಟು ಎಂದಿತು. 1691ರಲ್ಲಿ ಬಂದ ಕಾನೂನು ಇಂಗ್ಲಿಷ್ ಅಥವಾ ಬೇರೆ ಯಾವುದೇ 'ಬಿಳಿಯ' ಗಂಡಸಾಗಲಿ ಹೆಂಗಸಾಗಲಿ ನೀಗ್ರೊ, ಮಿಶ್ರ ರಕ್ತದವರು ಅಥವಾ ಇಂಡಿಯನ್ನರನ್ನು ಮದುವೆಯಾದರೆ ಮೂರು ತಿಂಗಳೊಳಗೆ ಗಡೀಪಾರು ಎಂದು ಸಾರಿತು. ಅಲ್ಲಿಯ ತನಕ ಕಾನೂನಿನ ಭಾಷೆಯಲ್ಲಿ 'ಇಂಗ್ಲಿಷ್', 'ಕ್ರೈಸ್ತ' ಎಂಬ ಪದಗಳು ಬರುತ್ತಿದ್ದವು. ಕರಿಯರೂ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಬಹುದಾದ್ದರಿಂದ ಆ ಪದ ಸಾಲದಾಯಿತು. ಯಾರೂ ಮತಾಂತರವಾಗಿ ಒಳಬರಲು ಸಾಧ್ಯವಾಗದ ಪದವೊಂದು ಬೇಕಿತ್ತು. ಚರ್ಮದ ಬಣ್ಣ ಆ ಕೆಲಸಕ್ಕೆ ಒದಗಿತು.

1705ರ ದೊಡ್ಡ ಸಂಹಿತೆ ಇದನ್ನೆಲ್ಲ ಒಂದೆಡೆ ಕಟ್ಟಿತು. ಅದನ್ನು ಓದುವಾಗ ನನಗೆ ಬಡ ಬಿಳಿಯನ ಬಗ್ಗೆ ಬರೆದ ಭಾಗಗಳೇ ಹೆಚ್ಚು ಮುಖ್ಯ ಅನಿಸಿದವು. ಬಿಳಿಯ ಕ್ರೈಸ್ತ ಆಳನ್ನು ನ್ಯಾಯಾಧೀಶರ ಅಪ್ಪಣೆಯಿಲ್ಲದೆ ಬೆತ್ತಲೆ ಮಾಡಿ ಹೊಡೆಯುವಂತಿಲ್ಲ. ಕರಾರು ಮುಗಿಸಿ ಹೊರಡುವ ಗಂಡಾಳಿಗೆ 10 ಬುಶಲ್ ಜೋಳ, 30 ಶಿಲ್ಲಿಂಗ್ ಮತ್ತು ಒಂದು ಬಂದೂಕು ಕೊಡಬೇಕು. ಅದೇ ಸಂಹಿತೆ, ಗುಲಾಮರು ಸಾಕಿಕೊಂಡಿದ್ದ ಕುದುರೆ, ದನ, ಹಂದಿಗಳನ್ನು ಕಸಿದು ಮಾರಿ, ಬಂದ ಹಣವನ್ನು ಆ ಊರಿನ ಬಡವರಿಗೆ ಹಂಚಬೇಕು ಎಂದಿತು. ಬಡ ಬಿಳಿಯನಿಗೆ ಜಮೀನ್ದಾರ ತನ್ನ ಭೂಮಿಯಲ್ಲಿ ಪಾಲು ಕೊಡಲಿಲ್ಲ. ಕೊಟ್ಟದ್ದು ಪಕ್ಕದ ಗುಡಿಸಲಿನವನ ಹಸುವಿನ ದುಡ್ಡು, ಅವನ ಮೇಲೆ ಕೈ ಮಾಡುವ ಅಧಿಕಾರ ಮತ್ತು ನೀನು ಅವನಂತಲ್ಲ ಎಂಬ ಮಾತು. ಹೊಟ್ಟೆ ತುಂಬದಿದ್ದರೂ ಆ ಮಾತು ರುಚಿಸಿತು.

ಕಾನೂನು ಪುಸ್ತಕದಲ್ಲಿ ಉಳಿದರೆ ಜನರ ಮನಸ್ಸಿಗೆ ಇಳಿಯುವುದಿಲ್ಲ. ಅದಕ್ಕೂ ವ್ಯವಸ್ಥೆ ಆಯಿತು. ವರ್ಷಕ್ಕೆ ಎರಡು ಬಾರಿ, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನಲ್ಲಿ ಇದನ್ನು ಗಟ್ಟಿಯಾಗಿ ಓದಬೇಕೆಂದು ಆಜ್ಞೆಯಾಯಿತು. ದೇವರ ಮಾತು ಕೇಳಿದ ಕಿವಿಗೆ ಅದೇ ಜಾಗದಲ್ಲಿ, ಅದೇ ಗೌರವದಲ್ಲಿ ಇದೂ ಬಿತ್ತು. ಅಪ್ಪನ ಪಕ್ಕ ಕೂತು ಇದನ್ನು ಕೇಳುತ್ತ ಬೆಳೆದ ಮಗುವಿಗೆ ಹಿಂದೆ ಹೀಗಿರಲಿಲ್ಲ ಎಂದು ಹೇಳುವವರು ಯಾರು? ಒಂದು ತಲೆಮಾರಿಗೆ ಆಜ್ಞೆಯಾಗಿದ್ದದ್ದು ಮುಂದಿನ ತಲೆಮಾರಿಗೆ ರೂಢಿಯಾಯಿತು, ಅದರ ಮುಂದಿನವರಿಗೆ ಪ್ರಕೃತಿಯಾಯಿತು.

ಇದೆಲ್ಲ ಉದ್ದೇಶಪೂರ್ವಕ ಎಂದು ಹೇಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ಅದಕ್ಕೊಂದು ದಾಖಲೆ ಉಳಿದಿದೆ. 1723ರಲ್ಲಿ ವರ್ಜೀನಿಯಾ ಸ್ವತಂತ್ರ ಕರಿಯರ ಮತದಾನದ ಹಕ್ಕನ್ನೂ ಕಿತ್ತುಕೊಂಡಿತು. ಗುಲಾಮನಲ್ಲದ, ಆಸ್ತಿಯಿರುವ ಮನುಷ್ಯನ ಮತವನ್ನು ಬಣ್ಣದ ಕಾರಣಕ್ಕೆ ಕಸಿಯುವುದು ಹೇಗೆ ಸರಿ ಎಂದು ಲಂಡನ್ನಿನ ಸರ್ಕಾರಿ ವಕೀಲರೊಬ್ಬರು ಆಕ್ಷೇಪಿಸಿದರು. 1736ರಲ್ಲಿ ಗವರ್ನರ್ ವಿಲಿಯಂ ಗೂಚ್ ಬರೆದ ಉತ್ತರದಲ್ಲಿ ಮುಚ್ಚುಮರೆ ಇಲ್ಲ. ಸ್ವತಂತ್ರ ಕರಿಯರ ಮೇಲೆ ಎಂದೂ ಅಳಿಸದ ಬರೆಯೊಂದನ್ನು ಹಾಕುವುದು ಉದ್ದೇಶವಾಗಿತ್ತು, ತಮ್ಮ ಸಂತಾನಕ್ಕೂ ಇಂಗ್ಲಿಷರ ಸಂತಾನಕ್ಕೂ ವ್ಯತ್ಯಾಸವಿದೆ ಎಂಬುದು ಅವರಿಗೆ ಮನದಟ್ಟಾಗಬೇಕಿತ್ತು ಎಂಬ ಅರ್ಥದಲ್ಲಿ ಅವನು ಬರೆದ. ಇರುವ ವ್ಯತ್ಯಾಸಕ್ಕೆ ಕಾನೂನು ಬೇಕಾಗುವುದಿಲ್ಲ. ಇಲ್ಲದ್ದನ್ನು ಇದೆ ಎನ್ನಿಸಬೇಕಾದಾಗ ಬರೆ ಬೇಕಾಗುತ್ತದೆ.

ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಟ್ರಿನಿಡಾಡಿನ ಎರಿಕ್ ವಿಲಿಯಮ್ಸ್ 1944ರಲ್ಲೇ ಗುಲಾಮಗಿರಿ ಮೊದಲು ಬಂತು, ಜನಾಂಗೀಯತೆ ಅದರ ಫಲ ಎಂದು ವಾದಿಸಿದ. ಎಡ್ಮಂಡ್ ಮಾರ್ಗನ್ 1975ರಲ್ಲಿ ವರ್ಜೀನಿಯಾದ ದಾಖಲೆಗಳಿಂದ ಹತ್ತಿರದ ವಾದವನ್ನೇ ಬೆಳೆಸಿದ. ಆದರೆ 1968ರಲ್ಲಿ ವಿನ್‌ತ್ರಾಪ್ ಜೋರ್ಡಾನ್, ಇಂಗ್ಲಿಷರು ಆಫ್ರಿಕನ್ನರನ್ನು ಕಾಣುವ ಮೊದಲೇ ಅವರ ಭಾಷೆಯಲ್ಲಿ ಕಪ್ಪು ಎಂಬುದು ಕೊಳೆ, ಪಾಪ, ಕೇಡುಗಳಿಗೆ ಅಂಟಿಕೊಂಡಿತ್ತು ಎಂದು ತೋರಿಸಿದ. ಆ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ಪಂಚ್‌ಗೆ ಬೇರೆ ಶಿಕ್ಷೆ ಕೊಟ್ಟ 1640ರ ನ್ಯಾಯಾಧೀಶರ ಮನಸ್ಸಿನಲ್ಲಿ ಏನೋ ಒಂದು ಇದ್ದಿರಲೇಬೇಕು. ಬೀಜ ಇತ್ತು. ಆದರೆ ಎಲ್ಲ ಬೀಜವೂ ಮರವಾಗುವುದಿಲ್ಲ.

ಇದನ್ನು ನೋಡಲು ನಾವು ನಮ್ಮ ವಿಜಯಪುರಕ್ಕೇ ಬರಬಹುದು. ವರ್ಜೀನಿಯಾ ಈ ಕಾನೂನುಗಳನ್ನು ಬರೆಯುತ್ತಿದ್ದ ಶತಮಾನದಲ್ಲೇ ದಖನ್ನಿನಲ್ಲೂ ಆಫ್ರಿಕನ್ ಗುಲಾಮರಿದ್ದರು. ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು, 1626ರಲ್ಲಿ ಸಾಯುವ ತನಕ ಮೊಘಲರನ್ನು ತಡೆದು ನಿಲ್ಲಿಸಿದ. ಅವನ ನಂತರ ಮಗ ಫತೇಖಾನ್ ಅಧಿಕಾರಕ್ಕೆ ಬಂದ. ಬಿಜಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹಿಯ ಕಾಲದ ಪ್ರಬಲ ಮಂತ್ರಿ ಇಖ್ಲಾಸ್ ಖಾನ್ ಕೂಡ ಹಬ್ಶಿಯೇ. ಆ ಕಾಲದ ಚಿತ್ರಗಳಲ್ಲಿ ಅವನು ಸುಲ್ತಾನನ ಪಕ್ಕದಲ್ಲೇ ಕಾಣುತ್ತಾನೆ. ಇಲ್ಲಿ ಬಣ್ಣದ ಬಗ್ಗೆ ತಾತ್ಸಾರ ಇರಲಿಲ್ಲವೆಂದಲ್ಲ. ಅಂಬರ್‌ನನ್ನು ಸೋಲಿಸಲಾಗದ ಜಹಾಂಗೀರ್ ತನ್ನ ಆತ್ಮಕಥನದಲ್ಲಿ ಅವನ ಕಪ್ಪು ಮೈಯನ್ನು ಹಿಡಿದು ಬೈದಿದ್ದಾನೆ. ಗುಲಾಮಗಿರಿಯೂ ಕ್ರೂರವಾಗಿಯೇ ಇತ್ತು. ಆದರೆ ಕಪ್ಪು ಮೈಯವನ ಮಗ, ಮೊಮ್ಮಗ, ಮರಿಮಗ ಎಲ್ಲರೂ ಗುಲಾಮರೇ ಎಂದು ಬರೆದಿಡುವ ಅಗತ್ಯ ಇಲ್ಲಿನ ಅಧಿಕಾರಕ್ಕೆ ಬೀಳಲಿಲ್ಲ. ಜಹಾಂಗೀರನ ಬೈಗುಳ ಬೈಗುಳವಾಗಿ ಉಳಿಯಿತು, ಮದುವೆಯ ಕಾನೂನಾಗಲಿಲ್ಲ.

ವರ್ಜೀನಿಯಾದಲ್ಲಿ ಆದ ಆ ಕಾನೂನಿಗೆ ಕೊನೆಗೆ ವಿಜ್ಞಾನದ ಅಂಗಿಯೂ ಸಿಕ್ಕಿತು. ಹದಿನೆಂಟನೇ ಶತಮಾನದ ನಡುವಿನ ಹೊತ್ತಿಗೆ ಅಲ್ಲಿನ ಜನಸಂಖ್ಯೆಯಲ್ಲಿ ಸುಮಾರು ಶೇ. 40ರಷ್ಟು ಕರಿಯರು, ಹೆಚ್ಚುಕಡಿಮೆ ಎಲ್ಲರೂ ಗುಲಾಮರು. ಅದೇ ನೆಲದ ಥಾಮಸ್ ಜೆಫರ್ಸನ್ 1776ರಲ್ಲಿ ಮನುಷ್ಯರೆಲ್ಲ ಸಮಾನರು ಎಂಬ ಘೋಷಣೆಯ ಕರಡು ಬರೆದ. ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದವನೂ ಅವನೇ. ಈ ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳಲು ಒಂದೇ ದಾರಿ: ಗುಲಾಮರು ಪೂರ್ತಿ ಮನುಷ್ಯರಲ್ಲ ಎಂದುಕೊಳ್ಳುವುದು. ವರ್ಜೀನಿಯಾದ ಬಗ್ಗೆ ಬರೆದ ಪುಸ್ತಕದಲ್ಲಿ ಅವನು, ಕರಿಯರು ಬುದ್ಧಿಯಲ್ಲಿ ಕೆಳಗಿನವರೆಂಬ ಶಂಕೆ ತನಗಿದೆ ಎಂದ. 1791ರಲ್ಲಿ ಬೆಂಜಮಿನ್ ಬನ್ನೆಕರ್ ಎಂಬ ಕಪ್ಪು ಗಣಿತಜ್ಞ ತಾನೇ ಲೆಕ್ಕಹಾಕಿ ಸಿದ್ಧಪಡಿಸಿದ ಪಂಚಾಂಗವನ್ನು ಜೊತೆಗಿಟ್ಟು, ನಿಮ್ಮ ಘೋಷಣೆಗೂ ನಿಮ್ಮ ನಡತೆಗೂ ಹೊಂದುವುದಿಲ್ಲವಲ್ಲ ಎಂದು ಅವನಿಗೆ ಪತ್ರ ಬರೆದ. ಜೆಫರ್ಸನ್ ವಿನಯದಿಂದ ಉತ್ತರಿಸಿದ. ಗುಲಾಮರನ್ನು ಬಿಡಲಿಲ್ಲ. ಮುಂದೆ 1839ರಲ್ಲಿ ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯಲ್ ಮಾರ್ಟನ್ ತಲೆಬುರುಡೆಗಳಿಗೆ ಕಾಳು ತುಂಬಿ ಅಳೆದು ಪ್ರಕಟಿಸಿದ ಪಟ್ಟಿಯಲ್ಲಿ ಬಿಳಿಯರು ಮೇಲೆ, ಕರಿಯರು ಕೆಳಗೆ ಬಂದರು. ಅಳತೆಗೆ ಮೊದಲೇ ಉತ್ತರ ಗೊತ್ತಿತ್ತು.

ಕನ್ನಡದ ಓದುಗರಿಗೆ ಇಷ್ಟು ಹೊತ್ತಿಗೆ ಜಾತಿ ನೆನಪಾಗಿರಬೇಕು. ಜಾತಿಯೂ ಜನಾಂಗವೂ ಒಂದೇ ಅಲ್ಲ. ಜಾತಿಗೆ ಜನಾಂಗ ಮೂಲವೆಂಬ ವಾದವನ್ನು ಅಂಬೇಡ್ಕರ್ ಒಪ್ಪಲಿಲ್ಲ. ಆದರೆ 1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು, ಜಾತಿಯ ಕೀಲಿಕೈ ಇರುವುದು ಒಳಗೊಳಗೇ ಮದುವೆಯಾಗುವ ನಿಯಮದಲ್ಲಿ ಎಂದು ತೋರಿಸಿದರು. ಆಗ 25 ವರ್ಷದ ವಿದ್ಯಾರ್ಥಿ ಅವರು. 1691ರ ವರ್ಜೀನಿಯಾದ ಕಾನೂನನ್ನು ಅದರ ಪಕ್ಕದಲ್ಲಿಟ್ಟು ಓದಿದರೆ, ಗುಂಪುಗಳನ್ನು ಬೇರೆಯಾಗಿಯೇ ಉಳಿಸಬೇಕಾದವರು ಮೊದಲು ಕಾವಲು ಹಾಕುವುದು ಮದುವೆಗೆ ಎಂಬುದು ಅರ್ಥವಾಗುತ್ತದೆ.

ಮತ್ತೆ, ಅಳಿಸದ ಬರೆ ಅಮೆರಿಕದಲ್ಲಿ ಮಾತ್ರ ಉಳಿದಿಲ್ಲ. ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡ ಆಫ್ರಿಕನ್ ಗುಲಾಮರೂ ಸೇರಿದಂತೆ ಹಲವರ ಸಂತತಿಯಾದ ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿ ತಲೆಮಾರುಗಳಿಂದ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಎಂ.ಎ. ಓದುವಾಗ ನನ್ನ ಸಹಪಾಠಿಯೊಬ್ಬ ಸಿದ್ದಿ. ಅವನ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು. ಬಸ್ಸಿನಲ್ಲಿ, ಹೋಟೆಲಿನಲ್ಲಿ ಜನ ಅವನ ಜೊತೆ ಹರಕು ಇಂಗ್ಲಿಷಿನಲ್ಲಿ ಮಾತಾಡಲು ಹೊರಡುತ್ತಿದ್ದರು. ಯಾವ ದೇಶ ಎಂದು ಕೇಳುತ್ತಿದ್ದರು. ಅವನು "ಯಲ್ಲಾಪುರ" ಎಂದರೆ ನಗುತ್ತಿದ್ದರು. ನಾನೂ ಒಂದೆರಡು ಸಲ ಜೊತೆಗೆ ನಕ್ಕಿದ್ದೇನೆ. ಅವನು ನಗುತ್ತಿರಲಿಲ್ಲ ಎಂಬುದು ಈಗ ನೆನಪಾಗುತ್ತದೆ.

ಆಂಟನಿ ಜಾನ್ಸನ್‌ನ ಕಥೆಯ ಕೊನೆಯನ್ನು ನಾನಿನ್ನೂ ಹೇಳಿಲ್ಲ. 1670ರಲ್ಲಿ ಅವನು ಸತ್ತ ಮೇಲೆ ವರ್ಜೀನಿಯಾದ ನ್ಯಾಯಮಂಡಳಿಯೊಂದು, ಅವನು ನೀಗ್ರೊ, ಆದ್ದರಿಂದ ಪರದೇಶಿ ಎಂದು ತೀರ್ಮಾನಿಸಿ ಅಲ್ಲಿನ ಅವನ ಭೂಮಿಯನ್ನು ದೊರೆಯ ವಶಕ್ಕೆ ಕೊಡಬಹುದು ಎಂದಿತು. ಸುಮಾರು ನಲವತ್ತು ವರ್ಷ ಅದೇ ಮಣ್ಣಿನಲ್ಲಿ ದುಡಿದವನು ಸತ್ತ ಮೇಲೆ ಹೊರಗಿನವನಾದ.

ಮದುವೆಯ ಮೇಲಿನ ನಿಷೇಧವಂತೂ ಇನ್ನೂ ಬಹುಕಾಲ ಬದುಕಿತ್ತು. 1958ರಲ್ಲಿ ರಿಚರ್ಡ್ ಲವಿಂಗ್ ಎಂಬ ಬಿಳಿಯ, ಮಿಲ್ಡ್ರೆಡ್ ಎಂಬ ಕಪ್ಪು ಮತ್ತು ಮೂಲನಿವಾಸಿ ಮೂಲದ ಹುಡುಗಿಯನ್ನು ಮದುವೆಯಾಗಿ ವರ್ಜೀನಿಯಾಕ್ಕೆ ಮರಳಿದಾಗ ಪೊಲೀಸರು ರಾತ್ರಿ ಮನೆಗೆ ನುಗ್ಗಿ ಬಂಧಿಸಿದರು. 25 ವರ್ಷ ಒಟ್ಟಿಗೆ ವರ್ಜೀನಿಯಾಕ್ಕೆ ಕಾಲಿಡದಿದ್ದರೆ ಜೈಲು ತಪ್ಪುತ್ತದೆ ಎಂದಿತು ನ್ಯಾಯಾಲಯ. ಮತ್ತೆ ಅದೇ ಗಡೀಪಾರು. ಮುಂದೆ ಆ ತೀರ್ಪನ್ನು ಸಮರ್ಥಿಸುತ್ತ ನ್ಯಾಯಾಧೀಶರು, ಜನಾಂಗಗಳನ್ನು ಬೇರೆ ಬೇರೆ ಖಂಡಗಳಲ್ಲಿ ಇಟ್ಟವನು ದೇವರು, ಅವು ಬೆರೆಯುವುದು ಅವನ ಇಚ್ಛೆಯಲ್ಲ ಎಂದು ಬರೆದರು. 1691ರಲ್ಲಿ ಕೆಲವು ಜಮೀನ್ದಾರರು ಕೂತು ಬರೆದದ್ದು ಅಷ್ಟು ಹೊತ್ತಿಗೆ ದೇವರ ಕೆಲಸವಾಗಿತ್ತು. 1967ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನು ರದ್ದುಮಾಡಿತು. ನಡುವೆ 276 ವರ್ಷ ಕಳೆದಿದ್ದವು.

ಕಾನೂನು ರದ್ದಾದ ಮಾತ್ರಕ್ಕೆ ಅದು ಬೆಳೆಸಿದ್ದು ರದ್ದಾಗುವುದಿಲ್ಲ. ಆದರೂ ಮುಂದಿನ ವಾರ ತರಗತಿಗೆ ಹೋದಾಗ ಆ ಹುಡುಗಿಯನ್ನು ಕರೆದು, ನಾನು ಅವತ್ತು ಹೇಳಿದ್ದು ತಪ್ಪು ಎಂದು ಹೇಳಬೇಕೆಂದಿದ್ದೇನೆ. "ಮೊದಲಿಂದಲೂ" ಎಂಬ ಪದವನ್ನು ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ಈ ಇಸವಿಗಳನ್ನು ಒಂದೊಂದಾಗಿ ಬರೆಯುತ್ತೇನೆ. ಉಳಿದದ್ದನ್ನು ಅವರೇ ಓದಿಕೊಳ್ಳುತ್ತಾರೆ.